ಪ್ರತಿವಿಷ: ಅವಸರವೂ ಬೇಡ, ತಡವೂ ಬೇಡ

ಕೊಯ್ಲಿನ ತಿಂಗಳುಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಆಳುಗಳು ಸಂಸಾರ ಸಮೇತ ಮಲೆನಾಡಿನ ತೋಟಗಳಿಗೆ ಬರುವುದು ಹಳೆಯ ರೂಢಿ. ಜೋಳ, ಶೇಂಗಾದ ಬಯಲಿನಲ್ಲಿ ಬೆಳೆದ ಅವರಿಗೆ ಗರಗಸ ಮಂಡಲ ಗೊತ್ತು. ನಮ್ಮ ತರಗೆಲೆಯಡಿಯ ಹಾವುಗಳು ಗೊತ್ತಿಲ್ಲ. ಲೈನುಮನೆಯಲ್ಲಿ ಇರುವಷ್ಟು ದಿನ ಅವರ ಜೀವದ ಹೊಣೆ ನಮ್ಮದೇ.

ಕೆಲವು ವರ್ಷಗಳ ಹಿಂದೆ ಹಡಗಲಿ ಕಡೆಯ ಒಬ್ಬ ಆಳಿಗೆ ಹಾವು ಕಚ್ಚಿತು. ಆಸ್ಪತ್ರೆಗೆ ಒಯ್ದೆವು. ವೈದ್ಯರು ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿಟ್ಟು ಗಡಿಯಾರ ನೋಡುತ್ತ ಕುಳಿತರು. “ಇಂಜೆಕ್ಷನ್ ಕೊಡಿ ಸ್ವಾಮಿ” ಎಂದು ನಾವು ಕೂಗಾಡಿದೆವು. 20 ನಿಮಿಷದ ಮೇಲೆ ನಳಿಕೆ ಓರೆ ಮಾಡಿ ತೋರಿಸಿದರು, ರಕ್ತ ಹೆಪ್ಪುಗಟ್ಟಿತ್ತು. ಇಡೀ ದಿನ ಇಟ್ಟುಕೊಂಡು, ಮತ್ತೆ ಮತ್ತೆ ಪರೀಕ್ಷಿಸಿ, ಇಂಜೆಕ್ಷನ್ ಇಲ್ಲದೆಯೇ ಕಳಿಸಿದರು. ತಪ್ಪು ನಮ್ಮದಾಗಿತ್ತು.

ಕೊಟ್ಟರೆ ನಷ್ಟವೇನು ಎಂದು ಕೇಳುವವರುಂಟು. ಹಾವಿನ ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾಗುವುದು. ಕೆಲವರ ಮೈಗೆ ಅದು ಒಗ್ಗದೆ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುವುದುಂಟು. ಕಚ್ಚಿದ ಹಾವೆಲ್ಲ ವಿಷ ಬಿಟ್ಟಿರುವುದಿಲ್ಲ. ಅಲ್ಲದೆ ನಮ್ಮ ದೇಶದ ಪ್ರತಿವಿಷ ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ಮೇಲೆ. ಮಲೆನಾಡಿನ ತೋಟದಲ್ಲಿ ಸಿಗುವ, ಮೂಗಿನ ತುದಿ ಉಬ್ಬಿದ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟದಿದ್ದರೆ, ರೆಪ್ಪೆ ಜೋತುಬಿದ್ದರೆ, ಉಸಿರು ಕಷ್ಟವಾದರೆ ಒಂದು ಗಳಿಗೆಯೂ ಕಾಯಬಾರದು. ಆಗ ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು. ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲವಷ್ಟೆ.

ಸಿಂಪಡಣೆಯ ವಿಷದ ಲೆಕ್ಕವೇ ಬೇರೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡ 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದರಲ್ಲಿ ಬೆರೆಸಿದ್ದು ಮೊನೊಕ್ರೊಟೊಫಾಸ್, ರೈತರಿಗೆಲ್ಲ ಗೊತ್ತಿರುವ ಕೀಟನಾಶಕ. ಇಂಥ ವಿಷದಲ್ಲಿ ಪ್ರಯೋಗಾಲಯದ ವರದಿಗೆ ಕಾದರೆ ರೋಗಿ ಉಳಿಯುವುದಿಲ್ಲ. ಬೆವರು, ಜೊಲ್ಲು, ಎದೆಯಲ್ಲಿ ಗೊರಗೊರ ಸದ್ದು, ನಿಧಾನವಾದ ನಾಡಿ ಕಂಡೊಡನೆ ಅಟ್ರೋಪಿನ್ ಕೊಡಲೇಬೇಕು. ಸಾಲದಿದ್ದರೆ ಐದು ನಿಮಿಷಕ್ಕೊಮ್ಮೆ ಇಮ್ಮಡಿ ಮಾಡುತ್ತ, ಎದೆಯ ಸದ್ದು ಅಡಗಿ ನಾಡಿ ಏರುವವರೆಗೂ ಕೊಡುತ್ತಾರೆ. ಮೀರಿದರೆ ರೋಗಿಗೆ ಜ್ವರವೇರಿ, ಭ್ರಮೆ ಹಿಡಿಯುತ್ತದೆ. ಆದ್ದರಿಂದ ಪಕ್ಕದಲ್ಲೇ ಕುಳಿತು ನೋಡುವವರು ಬೇಕು.

ಇನ್ನು ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ರಕ್ತ ತೆಳುವಾಗಿಸುವ ಇಲಿಪಾಷಾಣಕ್ಕೆ ವಿಟಮಿನ್ ಕೆ ಉಂಟು. ಆದರೆ ಅದರ ಕೆಡುಕು ಕಾಣುವುದು ಎರಡು ಮೂರು ದಿನದ ಮೇಲೆ. ಚೆನ್ನಾಗಿದ್ದಾನೆಂದು ಮೊದಲ ದಿನವೇ ಮನೆಗೆ ಕರೆತಂದರೆ ಮೋಸ ಹೋದಂತೆ. ಒಂದೊಂದು ವಿಷಕ್ಕೆ ಒಂದೊಂದು ನ್ಯಾಯ. ಆದ್ದರಿಂದಲೇ ವೈದ್ಯರಿಗೆ ಮೊದಲು ಬೇಕಾದದ್ದು ಡಬ್ಬಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ವಿಷದ ಲಕ್ಷಣ, ಪ್ರತಿವಿಷಗಳ ವಿವರ ಡಬ್ಬಿಯ ಜತೆಗಿನ ಕರಪತ್ರದಲ್ಲಿ ಇರಬೇಕು. ನಾವೋ ಕರಪತ್ರ ಎಸೆದು, ಔಷಧಿಯನ್ನು ಹಳೆಯ ಬಾಟಲಿಗೆ ಸುರಿದಿಡುತ್ತೇವೆ!

ವೈದ್ಯರ ಕಡೆಯೂ ಒಂದು ಮಾತಿದೆ. ಲಕ್ಷಣ ಸ್ಪಷ್ಟವಾಗಿದ್ದೂ, ಔಷಧ ಕೈಯಲ್ಲಿದ್ದೂ, ಮೊದಲ ಡೋಸ್ ಕೊಡದೆ ದೊಡ್ಡಾಸ್ಪತ್ರೆಗೆ ಸಾಗಹಾಕುವುದು ಸರಿಯಲ್ಲ. ಘಾಟಿಯ ದಾರಿಯಲ್ಲಿ ಎರಡು ಗಂಟೆ ಎಂದರೆ ಒಂದು ಜೀವ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ವಿಧಿಸಿತು. ಲೆಕ್ಕ ಬರೆದರೆ ಸಾಲದು. ಆ ಲೆಕ್ಕದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪ್ರತಿವಿಷ, ಅಟ್ರೋಪಿನ್ ಬರಬೇಕು. ಇದನ್ನು ಒಬ್ಬೊಬ್ಬರು ಕೇಳುವುದಕ್ಕಿಂತ ಸಂಘವೇ ಕೇಳುವುದು ಮೇಲು.

ಸದಸ್ಯರು ಮಾಡಬೇಕಾದದ್ದು ಇಷ್ಟು. ಹಾವು ಕಚ್ಚಿದರೆ ಹಗ್ಗ ಬಿಗಿಯದೆ, ಗಾಯ ಕುಯ್ಯದೆ, ಕೈಕಾಲು ಅಲುಗದಂತೆ ಒಯ್ಯಿರಿ. ಔಷಧಿ ಮೈಮೇಲೆ ಬಿದ್ದರೆ ಬಟ್ಟೆ ಕಳಚಿ ಸೋಪಿನಿಂದ ತೊಳೆಯಿರಿ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಜತೆಗೆ ಒಯ್ಯಿರಿ. ಬೇಗ ತಲುಪಿಸುವುದು ನಮ್ಮ ಕೆಲಸ. ಪ್ರತಿವಿಷ ಯಾವಾಗ ಎಂಬ ತೀರ್ಮಾನ ವೈದ್ಯರದು. ಅವರನ್ನು ಸುತ್ತುಗಟ್ಟಿ ಕೂಗಾಡುವುದನ್ನು ನಾವು ಬಿಟ್ಟಿದ್ದೇವೆ. ತಾವೂ ಬಿಡಬೇಕೆಂದು ಕೋರುತ್ತೇವೆ.