ಫಿನ್ಲೆಂಡಿನ ನೆಲಮಾಳಿಗೆ

ಯೂರೋಪು ಖಂಡದ ಉತ್ತರದಂಚಿನಲ್ಲಿರುವ ಫಿನ್ಲೆಂಡು ದೇಶದಲ್ಲಿ ಕಟ್ಟಡ ಕಟ್ಟಿಸುವವರಿಗೆ ಒಂದು ಕಟ್ಟಳೆಯುಂಟು. ವಾಸದ ಕಟ್ಟಡದ ವಿಸ್ತಾರವು 1200 ಚದರ ಮೀಟರಿಗೆ ಮುಟ್ಟಿತೆಂದರೆ ಅದರೊಡನೆ ಒಂದು ರಕ್ಷಣಾಗೃಹವನ್ನೂ ಕಟ್ಟಿಸತಕ್ಕದ್ದು. ದಪ್ಪನಾದ ಕಾಂಕ್ರೀಟು ಗೋಡೆ, ಉಕ್ಕಿನ ಬಾಗಿಲು, ಹೊರಗಣ ಗಾಳಿಯನ್ನು ಸೋಸಿ ಒಳಕ್ಕೆ ಬಿಡುವ ಯಂತ್ರ, ಇವೆಲ್ಲ ಅದರಲ್ಲಿರಬೇಕು. ಅದರ ಖರ್ಚು ಸರಕಾರದ್ದಲ್ಲ, ಕಟ್ಟಿಸುವವರದು. ಹೀಗೆ ವರ್ಷವರ್ಷವೂ ಕಟ್ಟುತ್ತ ಬಂದುದರಿಂದ ಆ ದೇಶದಲ್ಲಿ ಈಗ ಸುಮಾರು 50,500 ರಕ್ಷಣಾಗೃಹಗಳಿವೆ. ಅವುಗಳಲ್ಲಿ ಸುಮಾರು 48 ಲಕ್ಷ ಜನರಿಗೆ ಸ್ಥಳವುಂಟು. ದೇಶದ ಒಟ್ಟು ಜನಸಂಖ್ಯೆಯೇ 56 ಲಕ್ಷದಷ್ಟು. ಮನೆಯ ನಕ್ಷೆ ಬರೆಸುವಾಗ ದೇವರ ಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ನಾವು ಚರ್ಚಿಸುವಂತೆ, ಬಾಂಬು ಬೀಳುವಾಗ ಕುಳಿತಿರುವುದೆಲ್ಲಿ ಎಂದು ಅಲ್ಲಿಯವರು ಚರ್ಚಿಸುತ್ತಾರೆ.

ಇದು ನಮ್ಮಲ್ಲಿ ಅನೇಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಣ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದುದನ್ನೂ, ದಂಡು ಬರುವುದನ್ನು ದೂರದಿಂದಲೇ ಕಾಣಲು ಊರಿಗೊಂದು ಹುಡೇವು ಕಟ್ಟಿದ್ದುದನ್ನೂ ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನಾವು ಆ ಕಾಲವನ್ನು ಮರೆತೆವು. ಹುಡೇವುಗಳ ಮೇಲೆ ಆಲದ ಗಿಡ ಬೆಳೆಯಿತು. ಫಿನ್ನರು ಮರೆಯಲಿಲ್ಲ. ಮರೆಯುವುದಕ್ಕೆ ಅವರ ನೆರೆ ಅವಕಾಶ ಕೊಡಲಿಲ್ಲವೆಂದರೆ ಹೆಚ್ಚು ಸರಿಯಾದೀತು.

ಫಿನ್ಲೆಂಡಿಗೂ ರಷ್ಯಕ್ಕೂ ನಡುವಣ ಗಡಿಯು ಸುಮಾರು 1340 ಕಿಲೋಮೀಟರು ಉದ್ದವಾದುದು. 1809ರಿಂದ 1917ರವರೆಗೆ ಫಿನ್ಲೆಂಡು ರಷ್ಯದ ಚಕ್ರವರ್ತಿಗಳ ಆಳಿಕೆಗೆ ಒಳಪಟ್ಟಿದ್ದಿತು. 1917ರ ಡಿಸೆಂಬರ್ 6ರಂದು ಸ್ವತಂತ್ರವೆಂದು ಸಾರಿಕೊಂಡಿತು. ಇಪ್ಪತ್ತೆರಡು ವರ್ಷಗಳ ತರುವಾಯ, 1939ರ ನವೆಂಬರ್ 26ರಂದು, ಗಡಿಯ ಆಚೆಯ ಮೈನಿಲಾ ಎಂಬ ಹಳ್ಳಿಯಲ್ಲಿ ಫಿರಂಗಿಯ ಗುಂಡುಗಳು ಬಿದ್ದುವು. ತನ್ನ ಸಿಪಾಯಿಗಳು ಸತ್ತರೆಂದೂ ಹೊಡೆದವರು ಫಿನ್ನರೇ ಎಂದೂ ಸೋವಿಯತ್ ಸರಕಾರ ಹೇಳಿತು. ತಮ್ಮ ಫಿರಂಗಿಗಳನ್ನು ಗಡಿಯಿಂದ ಹಿಂದಕ್ಕೆ ತೆಗೆದಿದ್ದೇವೆ, ಅವುಗಳ ಗುಂಡು ಅಲ್ಲಿಗೆ ಎಟುಕುವುದೇ ಇಲ್ಲ, ಇಬ್ಬರೂ ಕೂಡಿ ವಿಚಾರಣೆ ನಡೆಸೋಣ ಎಂದು ಫಿನ್ನರು ಉತ್ತರ ಕೊಟ್ಟರು. ವಿಚಾರಣೆ ನಡೆಯಲಿಲ್ಲ. ನಾಲ್ಕು ದಿನಗಳಲ್ಲಿ, ನವೆಂಬರ್ 30ರಂದು, ರಾಜಧಾನಿಯಾದ ಹೆಲ್ಸಿಂಕಿಯ ಮೇಲೆ ಬಾಂಬುಗಳು ಬಿದ್ದುವು. ಮೈನಿಲಾದ ಗುಂಡನ್ನು ಹಾರಿಸಿದುದು ಸೋವಿಯತ್ ಪಕ್ಷವೇ ಎಂಬುದು ಇಂದಿನ ಇತಿಹಾಸಜ್ಞರಲ್ಲಿ ಬಹುಮಂದಿಯ ಅಭಿಪ್ರಾಯ. ಓದುಗರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುವುದು.

ಆ ಚಳಿಗಾಲದ ಯುದ್ಧವು 105 ದಿನ ನಡೆಯಿತು. 1940ರ ಮಾರ್ಚಿ 13ರಂದು ನಿಂತಾಗ ಫಿನ್ಲೆಂಡು ಸ್ವತಂತ್ರವಾಗಿಯೇ ಉಳಿದಿದ್ದಿತು; ಆದರೆ ನಾಡಿನ ಸುಮಾರು ಹತ್ತರಲ್ಲೊಂದು ಭಾಗ ಕೈಬಿಟ್ಟುಹೋಯಿತು. ಕರೇಲಿಯಾ ಸೀಮೆಯ ನಾಲ್ಕು ಲಕ್ಷಕ್ಕೆ ಮೀರಿದ ಜನ ಮನೆಗಳನ್ನು ಬಿಟ್ಟು, ಮಕ್ಕಳನ್ನೂ ದನಗಳನ್ನೂ ಹೊಡೆದುಕೊಂಡು, ಹಿಮದಲ್ಲಿ ಪಶ್ಚಿಮಕ್ಕೆ ನಡೆದರು. ಮುಂದೆ ಅವರಿಗೆ ನೆಲೆ ಕೊಡುವುದಕ್ಕಾಗಿ ಉಳಿದ ನಾಡಿನ ರೈತರ ಜಮೀನಿನಲ್ಲಿ ಪಾಲು ತೆಗೆಯಲಾಯಿತು. ಅದೇ 1940ರಲ್ಲಿ ಅನೇಕ ದಂಪತಿಗಳು ತಮ್ಮ ಚಿನ್ನದ ಮದುವೆಯುಂಗುರಗಳನ್ನು ದೇಶರಕ್ಷಣೆಗೆಂದು ಕೊಟ್ಟು ಅವುಗಳ ಬದಲು ಕಬ್ಬಿಣದ ಉಂಗುರಗಳನ್ನು ತೊಟ್ಟರು. ನಮ್ಮಲ್ಲಿ ತಾಳಿಯನ್ನು ಬಿಚ್ಚಿಕೊಡಬೇಕಾಗಿ ಬಂದರೆ ಮನೆಯಲ್ಲಿ ಏನಾದೀತೆಂದು ಊಹಿಸಿಕೊಂಡರೆ ಆ ದಾನದ ಬೆಲೆ ತಿಳಿದೀತು.

1944ರಲ್ಲಿ ಮತ್ತೊಮ್ಮೆ ಸೋತು ಸಂಧಿ ಮಾಡಿಕೊಂಡ ಮೇಲೆ ಫಿನ್ನರು ಬೇರೊಂದು ದಾರಿ ಹಿಡಿದರು. 1948ರಲ್ಲಿ ಮಾಸ್ಕೋವಿನೊಡನೆ ಸ್ನೇಹದ ಒಪ್ಪಂದವಾಯಿತು. ದೊಡ್ಡ ನೆರೆಯನ್ನು ಕೆಣಕಬಾರದು, ಯಾವ ಸೈನಿಕ ಕೂಟಕ್ಕೂ ಸೇರಬಾರದು ಎಂಬುದೇ ರಾಜನೀತಿಯಾಯಿತು. ಹೊರಗಿನವರು ಇದನ್ನು ಹಾಸ್ಯ ಮಾಡಿದರು. ಬಲಿಷ್ಠನಿಗೆ ಅಂಜಿ ತಲೆಬಾಗುವುದಕ್ಕೆ ಆ ದೇಶದ ಹೆಸರನ್ನೇ ಇಟ್ಟರು. ಹೀಗೆ ನಕ್ಕವರು ಒಂದನ್ನು ಗಮನಿಸಲಿಲ್ಲ. ಮೇಲೆ ನಗುಮುಖದ ಮಾತು ನಡೆಯುತ್ತಿದ್ದಾಗ ಕೆಳಗೆ ಹೆಲ್ಸಿಂಕಿಯ ಬಂಡೆಯನ್ನು ಕೊರೆಯುವ ಕೆಲಸವೂ ನಡೆಯುತ್ತಿದ್ದಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಬಳಿಕ ಯೂರೋಪಿನ ಎಷ್ಟೋ ದೇಶಗಳು ಕಡ್ಡಾಯ ಸೈನ್ಯಶಿಕ್ಷಣವನ್ನು ಕೈಬಿಟ್ಟುವು; ಪಕ್ಕದ ಸ್ವೀಡನ್ನೇ 2010ರಲ್ಲಿ ನಿಲ್ಲಿಸಿ 2017ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಫಿನ್ಲೆಂಡು ನಿಲ್ಲಿಸಲೇ ಇಲ್ಲ.

2022ರ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋದುದು ಎಲ್ಲರಿಗೂ ತಿಳಿದಿದೆ. ಫಿನ್ನರ ಕಣ್ಣಿಗೆ ಬಿದ್ದುದು ರಷ್ಯ ಮಾತ್ರವಲ್ಲ, ಅದರ ಮಿತ್ರಮಂಡಲಿಯೂ ಕೂಡ. ಬೆಲಾರೂಸ್ ದೇಶವು ತನ್ನ ನೆಲದಿಂದ ರಷ್ಯದ ಸೈನ್ಯಕ್ಕೆ ದಾರಿ ಕೊಟ್ಟಿತು. ಇರಾನಿನಿಂದ ಚಾಲಕನಿಲ್ಲದ ವಿಮಾನಗಳು ಬಂದುವು. 2024ರಲ್ಲಿ ಉತ್ತರ ಕೊರಿಯದ ಸಿಪಾಯಿಗಳೇ ಬಂದರು. ರಷ್ಯದ ಎದುರು ಒಂಟಿಯಾಗಿರುವುದು ಸಾಲದೆಂದು ತೋರಿ, ಎಪ್ಪತ್ತು ವರ್ಷಗಳಿಗೆ ಮೀರಿ ನಡೆಸಿದ ನೀತಿಯನ್ನು ಫಿನ್ಲೆಂಡು ಕೆಲವೇ ತಿಂಗಳಲ್ಲಿ ಬಿಟ್ಟಿತು; 2023ರ ಏಪ್ರಿಲ್ 4ರಂದು ನೇಟೋ ಕೂಟಕ್ಕೆ ಸೇರಿತು.

ಇನ್ನು ಈಚಿನ ಉಪದ್ರವಗಳ ಮಾತು. 2022ರ ಮೇ 14ರಂದು ರಷ್ಯದಿಂದ ಬರುತ್ತಿದ್ದ ವಿದ್ಯುಚ್ಛಕ್ತಿ ನಿಂತಿತು. ಅದೇ ತಿಂಗಳ 21ರಂದು ಅನಿಲ ನಿಂತಿತು. ಇವು ಬಹಿರಂಗವಾದ ಕೆಲಸಗಳು, ಮಾಡಿದವರಾರೆಂದು ಕೇಳಬೇಕಾಗಿರಲಿಲ್ಲ. ಆಮೇಲಿನವು ಹಾಗಲ್ಲ. 2023ರ ಅಕ್ಟೋಬರ್ 8ರಂದು ಫಿನ್ಲೆಂಡಿಗೂ ಎಸ್ತೋನಿಯಕ್ಕೂ ನಡುವೆ ಸಮುದ್ರದ ತಳದಲ್ಲಿ ಹಾಸಿದ್ದ ಅನಿಲದ ಕೊಳವೆ ಒಡೆಯಿತು. ಹಾಂಗ್‌ಕಾಂಗಿನ ಧ್ವಜ ಹೊತ್ತ ಒಂದು ಹಡಗು ಲಂಗರನ್ನು ತಳದ ಮೇಲೆ ಎಳೆದುಕೊಂಡು ಹೋಗಿದ್ದಿತು. ಬಿರುಗಾಳಿಯಲ್ಲಾದ ಆಕಸ್ಮಿಕವೆಂದು ಚೀನಾ ಹೇಳಿತು. ಕೊಳವೆ ಮತ್ತೆ ಬಳಕೆಗೆ ಬಂದುದು 2024ರ ಏಪ್ರಿಲಿನಲ್ಲಿ. ಅದೇ ವರ್ಷ ಕ್ರಿಸ್‌ಮಸ್ ಹಬ್ಬದ ದಿನ ಅವೆರಡು ದೇಶಗಳ ನಡುವಣ ವಿದ್ಯುತ್ತಿನ ಕೇಬಲ್ಲು ತುಂಡಾಯಿತು. ಈ ಸಲ ರಷ್ಯದ ಎಣ್ಣೆಯನ್ನು ಹೊತ್ತು ಹೊರಟಿದ್ದ ಈಗಲ್ ಎಸ್ ಎಂಬ ಹಡಗನ್ನು ಫಿನ್ನರು ತಡೆದರು. ಹೆಲಿಕಾಪ್ಟರಿನಿಂದ ಅದರ ಮೇಲಕ್ಕೆ ಇಳಿದು ವಶಪಡಿಸಿಕೊಂಡರು. ಕುಕ್ ದ್ವೀಪಗಳ ಧ್ವಜ ಹೊತ್ತಿದ್ದ ಈ ಹಡಗೂ ಲಂಗರನ್ನು ಬಹುದೂರ ಎಳೆದಿದ್ದಿತು. ಬೇಕೆಂದು ಮಾಡಲಿಲ್ಲವೆಂದು ಅದರ ಅಧಿಕಾರಿಗಳು ವಾದಿಸಿದರು. 2025ರ ಅಕ್ಟೋಬರಿನಲ್ಲಿ ಹೆಲ್ಸಿಂಕಿಯ ನ್ಯಾಯಾಲಯವು ಕೃತ್ಯ ನಡೆದ ಜಾಗವು ತನ್ನ ಅಧಿಕಾರದ ಎಲ್ಲೆಗೆ ಸೇರಿದುದಲ್ಲವೆಂದು ಮೊಕದ್ದಮೆಯನ್ನು ತಳ್ಳಿಹಾಕಿತು.

ಮೈನಿಲಾದ ಗುಂಡಿಗೂ ಈ ಲಂಗರಿಗೂ ಇರುವ ಸಾಮ್ಯ ಓದುಗರಿಗೆ ಹೊಳೆದಿರಬಹುದು. ವ್ಯತ್ಯಾಸವೂ ಇದೆ. ಅಂದು ಗುಂಡಿನ ಹಿಂದೆಯೇ ಸೈನ್ಯ ಬಂದಿತು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಇಂದು ಹಿಂದೆ ಯಾರೂ ಬರುವುದಿಲ್ಲ. ಅಪರಾಧವಿದೆಯೋ, ಅಜಾಗರೂಕತೆಯಿದೆಯೋ, ಯಾರೂ ಖಂಡಿತವಾಗಿ ಹೇಳಲಾರರು. ಹಡಗಿನ ಒಡೆಯನೊಬ್ಬ, ಧ್ವಜ ಮತ್ತೊಂದು ದೇಶದ್ದು, ನಾವಿಕರು ಬೇರೆ ನಾಡಿನವರು, ಸರಕು ಇನ್ನೊಬ್ಬರದು. ರಾತ್ರಿ ಹೊಲದ ಬದುವನ್ನು ಯಾರೋ ಕಡಿದಿದ್ದರೆ ಊರವರೆಲ್ಲರಿಗೂ ಸಂಶಯ ಒಬ್ಬನ ಮೇಲೆಯೇ ಇದ್ದರೂ ಪಂಚಾಯತಿಯಲ್ಲಿ ಸಾಕ್ಷಿ ಹೇಳುವವರು ಸಿಕ್ಕುವುದಿಲ್ಲವಷ್ಟೆ; ಅಂತೆಯೇ ಇದು.

ನನಗೆ ತೋರುವ ಮಟ್ಟಿಗೆ, ಫಿನ್ನರ ಏರ್ಪಾಡಿನ ಜಾಣತನವಿರುವುದು ಇಲ್ಲಿಯೇ. ಹಾನಿ ಮಾಡಿದವನಾರೆಂಬುದು ಸರಕಾರದ ತಲೆನೋವು. ಗೃಹಸ್ಥನು ಅದನ್ನು ಕಾದು ಕುಳಿತುಕೊಳ್ಳಬೇಕಾಗಿಲ್ಲ. ದೀಪ ಆರಿದ್ದು ಲಂಗರಿನಿಂದಲೋ ಬಿರುಗಾಳಿಯಿಂದಲೋ, ಮನೆಯಲ್ಲಿ ಬೇಕಾದುದು ಒಂದೇ. ಆದುದರಿಂದ ಹೊರಗಿನ ನೆರವಿಲ್ಲದೆ 72 ಗಂಟೆಗಳ ಕಾಲ ಮನೆ ನಡೆಯುವಂತಿರಬೇಕೆಂದು ಅಲ್ಲಿ ಪ್ರತಿಯೊಂದು ಸಂಸಾರಕ್ಕೂ ಹೇಳಿಕೊಟ್ಟಿದೆ. ಮನುಷ್ಯನೊಬ್ಬನಿಗೆ ದಿನಕ್ಕೆ ಎರಡು ಲೀಟರು ಕುಡಿಯುವ ನೀರು. ಆ ನೀರನ್ನು ಹಿಡಿದಿಡಲು ಚೊಕ್ಕಟವಾದ, ಮುಚ್ಚಳವಿರುವ ಪಾತ್ರೆಗಳು. ಬೇಯಿಸದೆ ತಿನ್ನಬಹುದಾದ ಆಹಾರ. ಬ್ಯಾಟರಿಯಿಂದ ನಡೆಯುವ ರೇಡಿಯೋ, ಕೈದೀಪ, ದಿನನಿತ್ಯದ ಔಷಧಿ, ಸ್ವಲ್ಪ ನಗದು ಹಣ, ಪರಮಾಣು ಅಪಘಾತಕ್ಕಾಗಿ ಅಯೋಡಿನ್ ಮಾತ್ರೆ. ಇದಕ್ಕಾಗಿ ವಿಶೇಷವಾಗಿ ಏನನ್ನೂ ಕೊಂಡು ಕಟ್ಟಿಡಬೇಕಾಗಿಲ್ಲ. ದಿನವೂ ಉಣ್ಣುವ ಪದಾರ್ಥವನ್ನೇ ತುಸು ಹೆಚ್ಚಾಗಿ ತಂದಿಟ್ಟು, ಹಳೆಯದನ್ನು ಮೊದಲು ಬಳಸುತ್ತ, ಬಳಸಿದಷ್ಟನ್ನು ತುಂಬುತ್ತ ಬಂದರೆ ಸಾಕು. ಮಳೆಗಾಲಕ್ಕೆಂದು ಹಪ್ಪಳ ಸಂಡಿಗೆ ಉಪ್ಪಿನಕಾಯಿಗಳನ್ನು ಮಾಡಿಟ್ಟು ಕಣಜದ ಮೇಲೊಂದು ಕಣ್ಣಿಟ್ಟಿರುತ್ತಿದ್ದ ಮಲೆನಾಡಿನ ಗೃಹಿಣಿಗೆ ಈ ಪಾಠವನ್ನು ಯಾವ ಸರಕಾರವೂ ಹೇಳಬೇಕಾಗಿರಲಿಲ್ಲ. ಪಕ್ಕದ ಸ್ವೀಡನ್ 1943ರಲ್ಲಿಯೇ ಇಂತಹ ಸೂಚನೆಗಳ ಪುಸ್ತಿಕೆಯೊಂದನ್ನು ಮನೆಮನೆಗೆ ಹಂಚಿದ್ದಿತು. 2024ರಲ್ಲಿ ಹೊಸದಾಗಿ ಬರೆಸಿ ಮತ್ತೆ ಹಂಚಿತು.

ರಕ್ಷಣಾಗೃಹಗಳ ವಿಷಯವೂ ಹೀಗೆಯೇ. ಅವುಗಳನ್ನು ಬೀಗ ಹಾಕಿ ಬಿಟ್ಟಿಲ್ಲ. ಬೈಸಿಕಲ್ಲುಗಳನ್ನೂ ಹಳೆಯ ಸಾಮಾನುಗಳನ್ನೂ ಇಡುವುದಕ್ಕೆ ಬಳಸುತ್ತಾರೆ. ಹೆಲ್ಸಿಂಕಿಯ ಮೆರಿಹಾಕಾ ಎಂಬಲ್ಲಿ ಬಂಡೆಯೊಳಗೆ ಆರು ಸಾವಿರ ಜನರಿಗಾಗಿ ಕೊರೆದ ಗುಹೆಯಲ್ಲಿ ಮಕ್ಕಳು ಆಡುತ್ತಾರೆ, ದೊಡ್ಡವರು ಚೆಂಡಾಟವಾಡುತ್ತಾರೆ. ಇತೇಕೆಸ್ಕುಸ್ ಎಂಬಲ್ಲಿರುವುದು ಈಜುಕೊಳ. ಅಪಾಯದ ಸೂಚನೆ ಬಂದೊಡನೆ ಸಾಮಾನುಗಳನ್ನು ಹೊರಗೆ ಹಾಕಿ, ಕೊಳದ ನೀರು ಖಾಲಿ ಮಾಡಿ, 72 ಗಂಟೆಯೊಳಗೆ ಸಿದ್ಧಗೊಳಿಸಬೇಕೆಂಬುದು ಕಾನೂನು. ಕಾಳು ಎಣ್ಣೆಗಳ ದಾಸ್ತಾನಿಗೆ ಬೇರೊಂದು ಸರಕಾರಿ ಇಲಾಖೆಯೇ ಇದೆ. ಹೊರಗಿನಿಂದ ಬರುವ ಇಂಧನ ಐದು ತಿಂಗಳಿಗೆ ಸಾಲುವಷ್ಟು ಕೂಡಿಟ್ಟಿರಬೇಕೆಂಬುದು ಅದರ ಗುರಿ.

ಇಷ್ಟನ್ನು ಮೆಚ್ಚಿ ಸುಮ್ಮನಾಗುವುದು ಸುಲಭ. ಆದರೆ ಭಯವು ಮನೆಯೊಳಗೆ ಬಂದು ನೆಲಸಿದಾಗ ಅದು ಕೇಳುವ ಬಾಡಿಗೆಯನ್ನೂ ನೋಡಬೇಕು. 2023ರ ಶರತ್ಕಾಲದಲ್ಲಿ ಪಶ್ಚಿಮ ಏಷ್ಯ, ಆಫ್ರಿಕಗಳ ಸುಮಾರು 1300 ಮಂದಿ ರಷ್ಯದ ಮೂಲಕ ಫಿನ್ಲೆಂಡಿನ ಗಡಿಗೆ ಬಂದು ಆಶ್ರಯ ಬೇಡಿದರು. ಎಷ್ಟೋ ಜನ ಹಿಮದಲ್ಲಿ ಬೈಸಿಕಲ್ಲು ತುಳಿದುಕೊಂಡು ಬಂದರು. 2021ರಲ್ಲಿ ಬೆಲಾರೂಸು ಇದನ್ನೇ ಪೋಲೆಂಡು, ಲಿಥುವೇನಿಯಗಳ ಮೇಲೆ ಪ್ರಯೋಗಿಸಿದ್ದಿತು. ರಷ್ಯವು ಬೇಕೆಂದೇ ಇವರನ್ನು ಕಳುಹಿಸುತ್ತಿದೆಯೆಂದು ಹೇಳಿ ಫಿನ್ಲೆಂಡು ಗಡಿಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿತು. 2024ರ ಏಪ್ರಿಲಿನಲ್ಲಿ ಇನ್ನು ಅವಧಿಯೇ ಇಲ್ಲವೆಂದಿತು. ಆ ಜುಲೈಯಲ್ಲಿ, ಹೀಗೆ ಕಳುಹಿಸಲ್ಪಟ್ಟವರ ಬಿನ್ನಹವನ್ನು ಗಡಿಯಲ್ಲಿ ಸ್ವೀಕರಿಸದೆ ಹಿಂದಿರುಗಿಸಬಹುದೆಂಬ ಕಾನೂನು 31 ಮತಗಳ ವಿರುದ್ಧ 167 ಮತಗಳಿಂದ ಅಂಗೀಕೃತವಾಯಿತು. ತಮ್ಮ ರಾಜ್ಯಾಂಗಕ್ಕೂ ಅಂತರರಾಷ್ಟ್ರೀಯ ಒಪ್ಪಂದಗಳಿಗೂ ಇದು ಒಗ್ಗುವುದಿಲ್ಲವೆಂದು ಆ ದೇಶದ ಕಾನೂನು ಪಂಡಿತರೇ ಅನೇಕರು ಎಚ್ಚರಿಸಿದ್ದರು. ಕಳುಹಿಸಿದವನ ಕಪಟಕ್ಕೆ ಬಂದವನನ್ನು ದಂಡಿಸುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ; ಬಾಗಿಲು ತೆರೆದಿಟ್ಟರೆ ಕಪಟಿಗೆ ಆಯುಧ ಕೊಟ್ಟಂತಾಗುವುದೆಂಬ ಫಿನ್ನರ ಉತ್ತರವನ್ನು ತಳ್ಳಿಹಾಕುವುದಕ್ಕೂ ಆಗುವುದಿಲ್ಲ. ನೆಲಬಾಂಬುಗಳನ್ನು ನಿಷೇಧಿಸುವ ಒಪ್ಪಂದದಿಂದಲೂ ಅವರು ಹೊರಗೆ ಬಂದಿದ್ದಾರೆ. 2026ರ ಜನವರಿ 10ರಿಂದ ಅದು ಅವರನ್ನು ಕಟ್ಟುವುದಿಲ್ಲ. ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೂ ದನಕಾಯುವ ಹುಡುಗನ ಕಾಲನ್ನು ಹಾರಿಸುವ ವಸ್ತುವದು.

ಫಿನ್ಲೆಂಡಿನಲ್ಲಿ ರಷ್ಯನ್ ಮನೆಮಾತಿನವರು ಸುಮಾರು ಒಂದು ಲಕ್ಷ ಮಂದಿ ಇದ್ದಾರೆ. ಗಡಿಯ ಬಳಿಯ ಲಪ್ಪೇನ್ರಾಂತ ಪಟ್ಟಣದಿಂದ ಸೇಂಟ್ ಪೀಟರ್ಸ್‌ಬರ್ಗಿಗೆ 200 ಕಿಲೋಮೀಟರಿನಷ್ಟು ದಾರಿ; ಹಿಂದೆ ಬೆಳಿಗ್ಗೆ ಹೊರಟು ತಾಯಿಯನ್ನು ಕಂಡು ರಾತ್ರಿಗೆ ಹಿಂದಿರುಗಬಹುದಾಗಿದ್ದಿತು. ಗಡಿ ಮುಚ್ಚಿದ ಮೇಲೆ ಕೆಲವರು ಸಮುದ್ರ ದಾಟಿ ಎಸ್ತೋನಿಯಕ್ಕೆ ಹೋಗಿ, ನಾರ್ವಾ ಸೇತುವೆಯನ್ನು ಕಾಲ್ನಡಿಗೆಯಲ್ಲಿ ದಾಟಿ, ಅಲ್ಲಿಂದ ಮುಂದಕ್ಕೆ ಪ್ರಯಾಣ ಮಾಡಿದ್ದಾರೆ. ಗಡಿ ತೆರೆಯಬೇಕೆಂದು ಲಪ್ಪೇನ್ರಾಂತದಲ್ಲಿ ಮೆರವಣಿಗೆ ಮಾಡಿದವರಲ್ಲಿ ಇಂತಹವರೇ ಹೆಚ್ಚು. ಅವರೂ ಫಿನ್ಲೆಂಡಿನ ಗೃಹಸ್ಥರೇ. ಆ 48 ಲಕ್ಷ ಸ್ಥಳಗಳಲ್ಲಿ ಅವರ ಪಾಲಿನವೂ ಸೇರಿವೆ.