ಮೊದಲ ಪುಟದ ಆಸೆಗೆ ಷೇರು ಹಣ ಸುರಿಯಬೇಡಿ



ಕಳೆದ ಸುಗ್ಗಿಯಲ್ಲಿ ಮಂಡ್ಯ ಸೀಮೆಯ ಬೆಲ್ಲ ತಯಾರಕರ ಗುಂಪೊಂದರ ನಾಲ್ವರು ನನ್ನ ಕಚೇರಿಗೆ ಬಂದಿದ್ದರು. ಕಬ್ಬಿನ ರೋಗದ ವಿಚಾರವಿರಬೇಕೆಂದುಕೊಂಡೆ. ಅವರ ಸಂಕಟ ಬೇರೆಯೇ ಆಗಿತ್ತು. ಸದಸ್ಯರ ಷೇರು ಹಣದಲ್ಲಿ 35,000 ರೂಪಾಯಿ ತೆಗೆದು ಪೇಟೆಯ ಒಬ್ಬರಿಗೆ ಕೊಟ್ಟು ಜಾಲತಾಣ ಮಾಡಿಸಿದ್ದರು. 'ಗೂಗಲ್‌ನಲ್ಲಿ ಬೆಲ್ಲ ಎಂದು ಹುಡುಕಿದರೆ ನಿಮ್ಮದೇ ಮೊದಲು ಬರುತ್ತದೆ' ಎಂಬ ಮಾತು ಕೊಡಲಾಗಿತ್ತಂತೆ. ವರ್ಷವಾದರೂ ಒಂದು ಕಿಲೋ ಬೆಲ್ಲಕ್ಕೆ ಬೇಡಿಕೆ ಬಂದಿರಲಿಲ್ಲ.

ಇಂಥ ಮಾತನ್ನು ನಂಬಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಕಂಪನಿಯೇ ಹೇಳುತ್ತದೆ. ಹಣ ಕೊಟ್ಟರೆ ಜಾಹೀರಾತು ಹಾಕುತ್ತಾರೆ, ನಿಜ. ಅದರ ಮೇಲೆ ಪ್ರಾಯೋಜಿತವೆಂಬ ಗುರುತಿರುತ್ತದೆ. ಹಣ ನಿಂತ ದಿನ ಅದೂ ನಿಲ್ಲುತ್ತದೆ. ಅದರ ಕೆಳಗೆ ತಾನಾಗಿ ಬರುವ ಪಟ್ಟಿಯಲ್ಲಿ ಸ್ಥಾನ ಕೊಳ್ಳಲು ಬರುವುದಿಲ್ಲ.

ಆ ಜಾಲತಾಣವನ್ನು ತೆರೆದು ನೋಡಿದೆ. ಹಸಿರು ಗದ್ದೆಯ ದೊಡ್ಡ ಚಿತ್ರ, ಚಿತ್ರದೊಳಗೇ ಕೊರೆದ ನಾಲ್ಕು ಇಂಗ್ಲಿಷ್ ಸಾಲು. ಊರಿನ ಹೆಸರಿಲ್ಲ, ಬೆಲ್ಲದ ಬಗೆ ಹೇಳಿಲ್ಲ, ಪುಟದ ತಲೆಬರಹ ಬರೀ 'ಹೋಮ್'. ಹುಡುಕುವ ಯಂತ್ರ ಮುಖ್ಯವಾಗಿ ಓದುವುದು ಅಕ್ಷರವನ್ನು. ಬರೆಯದೇ ಇದ್ದುದನ್ನು ಅದು ಎಲ್ಲಿಂದ ಓದೀತು?

ಒಳಪುಟದಲ್ಲಿ ಕನ್ನಡವಿತ್ತು, ಆದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆಂದು ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದ್ದನ್ನೇ ಎತ್ತಿ ಅಂಟಿಸಿದ್ದರು. ಅಂಥ ಫಾಂಟು ಕಾಗದದ ಮೇಲೆ ಚೆನ್ನ. ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಯೂನಿಕೋಡ್‌ನಲ್ಲಿ ಬರೆದರೆ ಮಾತ್ರ 'ಬೆಲ್ಲ' ಎಂದು ಹುಡುಕಿದವರಿಗೆ ನಿಮ್ಮ 'ಬೆಲ್ಲ' ಸಿಗುತ್ತದೆ. ಕನ್ನಡದ ಎಷ್ಟೋ ಸಹಕಾರ ಸಂಘಗಳಿಗೆ ಈ ಒಂದು ಸಂಗತಿ ತಿಳಿಯದಿರುವುದು ನನಗೆ ಬೇಸರ ತಂದಿದೆ.

ಹಾಗಾದರೆ ಏನು ಬರೆಯಬೇಕು? ಕೊಳ್ಳುವವರು ಆಲೆಮನೆಯ ಬಾಗಿಲಲ್ಲಿ ನಿಂತು ಕೇಳುವುದನ್ನೇ ಬರೆಯಿರಿ. ಅಚ್ಚು ಬೆಲ್ಲವೋ, ಉಂಡೆಯೋ, ಪುಡಿಯೋ? ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಹಾಕುತ್ತೀರೋ, ಬಣ್ಣಕ್ಕೆ ಹೈಡ್ರೋಸ್ ಹಾಕುತ್ತೀರೋ? ಬೆಲ್ಲ ಕಪ್ಪಗಿರುವುದೇಕೆ? ಮಳೆಗಾಲದಲ್ಲಿ ನೀರೊಡೆಯದಂತೆ ಇಡುವುದು ಹೇಗೆ? ಕಿಲೋಗೆ ದರವೆಷ್ಟು, ಎಲ್ಲಿಗೆ ಕಳಿಸುತ್ತೀರಿ? ಒಂದೊಂದು ಪ್ರಶ್ನೆಗೂ ನಿಮ್ಮ ಅನುಭವದಿಂದ ಉತ್ತರ ಕೊಡಿ. ತಲೆಬರಹದಲ್ಲಿ ಸರಕಿನ ಹೆಸರು, ಊರು, ತಾಲ್ಲೂಕು ಇರಲಿ. ಬೆಂಗಳೂರಿನಲ್ಲಿ ಕುಳಿತು 'ಜಾಗರಿ' ಎಂದು ಇಂಗ್ಲಿಷಿನಲ್ಲಿ ಹುಡುಕುವವರೂ ಉಂಟು. ಅವರಿಗಾಗಿ ಬೇರೆ ಪುಟವಿರಲಿ. ಒಂದೇ ಪದವನ್ನು ನೂರು ಸಲ ತುರುಕುವ ಜಾಣತನ ಬೇಡ, ಅದರಿಂದ ಕೆಡುಕೇ ಹೆಚ್ಚು.

ಇನ್ನೊಂದು ಮಾತು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಕಂಪನಿ ಕಟ್ಟಿದಾಗ ಅವರ ಉಪಾಯದ ತಿರುಳು ಇಷ್ಟೇ: ಬೇರೆ ತಾಣಗಳು ಯಾವ ತಾಣದತ್ತ ಕೊಂಡಿ ಹಾಕಿವೆಯೋ ಅದಕ್ಕೆ ಬೆಲೆ. ಊರಿನ ಮರ್ಯಾದಸ್ಥರು ಹೇಳಿದ ಮಾತಿಗೆ ತೂಕ ಹೆಚ್ಚಲ್ಲವೇ, ಹಾಗೆ. ಕೊಂಡಿಗಳನ್ನೇ ಮಾರುವ ದಂಧೆ ಹುಟ್ಟಿತು. 2012ರಲ್ಲಿ 'ಪೆಂಗ್ವಿನ್' ಎಂಬ ತಿದ್ದುಪಡಿ ತಂದು ಗೂಗಲ್ ಅಂಥ ತಾಣಗಳನ್ನು ಕೆಳಗಿಳಿಸಿತು. ಆದ್ದರಿಂದ ಕೊಂಡಿ ಕೊಳ್ಳಬೇಡಿ. ನಿಮ್ಮ ಆಲೆಮನೆಯಲ್ಲಿ ಪ್ರಾತ್ಯಕ್ಷಿಕೆ ನಡೆಸಿದ ಕೃಷಿ ವಿಜ್ಞಾನ ಕೇಂದ್ರದವರನ್ನೋ, ನಿಮ್ಮ ಬೆಲ್ಲ ಮಾರುವ ಸಾವಯವ ಅಂಗಡಿಯವರನ್ನೋ ತಮ್ಮ ತಾಣದಲ್ಲಿ ನಿಮ್ಮ ಹೆಸರು ಹಾಕುವಂತೆ ಕೇಳಿ.

ಸಣ್ಣ ಆಲೆಮನೆಗೆ ಜಾಲತಾಣಕ್ಕಿಂತ ಮೊದಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದಕ್ಕೆ ಕಾಸಿಲ್ಲ. ವಿಳಾಸ, ತೆರೆದಿರುವ ವೇಳೆ, ನಿಜವಾದ ಫೋಟೋ ಹಾಕಿ ದೃಢೀಕರಣ ಮಾಡಿಸಿದರೆ ನಕಾಶೆಯಲ್ಲಿ ಕಾಣುತ್ತೀರಿ. ಇಲ್ಲಿ ಹುಡುಕುವವರಿಗೆ ನೀವೆಷ್ಟು ಹತ್ತಿರ ಎಂಬುದಕ್ಕೂ ಲೆಕ್ಕವಿದೆ. ಹೆದ್ದಾರಿಯಲ್ಲಿ ಹೋಗುವ ಕಾರಿನವರಿಗೆ ಮುಂಬಯಿಯ ದೊಡ್ಡ ಕಂಪನಿಗಿಂತ ನೀವೇ ಮೊದಲು ಸಿಗಬಹುದು. ನೆಂಟರಿಂದ ಹೊಗಳಿಕೆ ಬರೆಸಬೇಡಿ, ಕೊಂಡವರು ಬರೆಯಲಿ.

ಆ ಗುಂಪಿನ ಕಥೆಗೆ ಮರಳುತ್ತೇನೆ. ತಿದ್ದಿಸೋಣವೆಂದು ಹೊರಟರೆ ಜಾಲತಾಣದ ಹೆಸರೇ ಮಾಡಿಕೊಟ್ಟವರ ಹೆಸರಿನಲ್ಲಿ ನೋಂದಣಿಯಾಗಿತ್ತು! ಅವರು ಫೋನು ಎತ್ತುತ್ತಿಲ್ಲ. ಜಮೀನು ಕೊಳ್ಳುವಾಗ ಪಹಣಿ ನೋಡುವ ನಾವು ಇಲ್ಲಿ ನೋಡಲಿಲ್ಲ. ನೋಂದಣಿ, ಪಾಸ್‌ವರ್ಡ್ ಎರಡೂ ಗುಂಪಿನ ಹೆಸರಿನಲ್ಲಿರಬೇಕು, ನಡವಳಿ ಪುಸ್ತಕದಲ್ಲಿ ಬರೆದಿಡಬೇಕು. ಕೊನೆಗೆ ಹೊಸ ಹೆಸರು ಕೊಂಡು, ಪದವಿ ಓದುತ್ತಿರುವ ಸದಸ್ಯರೊಬ್ಬರ ಮಗಳ ಕೈಯಲ್ಲಿ ಐದು ಪುಟ ಬರೆಸಿದೆವು. ಗೂಗಲ್ ಅದನ್ನು ಗಮನಿಸಲು ವಾರಗಳೇ ಹಿಡಿದವು. ಈಗ ತಿಂಗಳಿಗೆ ಹತ್ತು ಹದಿನೈದು ಕರೆ ಬರುತ್ತವೆ. ಹಳೆಯ ತಾಣ ಇನ್ನೂ ಹಾಗೇ ಇದೆ, ಅದರಲ್ಲಿರುವ ದೂರವಾಣಿ ಸಂಖ್ಯೆಯೂ ತಪ್ಪು.