ಕೋಶ ಓದುವವನ ಹಿತ್ತಲು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲೇ ಕಲಿತವರು. ತಿಳಿವಳಿಕೆಗೆ ಎರಡು ದಾರಿ, ಒಂದು ಕಾಲಿನದು, ಇನ್ನೊಂದು ಕಣ್ಣಿನದು ಎಂದು ಅದು ಹೇಳುತ್ತದೆ. ಆದರೆ ನಮ್ಮಲ್ಲಿ ಬಹಳ ಮಂದಿ ದೇಶ ಸುತ್ತುವವರೂ ಅಲ್ಲ, ದಿನವಿಡೀ ಕೋಶ ಹಿಡಿದು ಕೂರುವವರೂ ಅಲ್ಲ. ಹಿತ್ತಲಲ್ಲಿ ನಾಲ್ಕು ಅವರೆ ಬಳ್ಳಿ, ಒಲೆಯ ಮೇಲೆ ಸಾರು, ನೆರೆಮನೆಯ ಮಾತು, ಸಂಜೆಯ ನಡಿಗೆ, ಹಬ್ಬ ಹುಣ್ಣಿಮೆ. ಇವುಗಳ ಸಂದಿನಲ್ಲಿ ಹೊತ್ತು ಸಿಕ್ಕರೆ ಪುಸ್ತಕ. ಈ ಸಣ್ಣಪುಟ್ಟ ಆಸಕ್ತಿಗಳು ಓದುವ ಹೊತ್ತನ್ನು ಕದಿಯುತ್ತವೆಯೇ, ಇಲ್ಲ ಓದಿಗೆ ಏನಾದರೂ ಕೊಡುತ್ತವೆಯೇ? ಕದಿಯುತ್ತವೆ ಎಂದೇ ನಾನು ಬಹುಕಾಲ ನಂಬಿದ್ದೆ. ಕೀಳ್ ಕೋತಗಿರಿಗೆ ಬಂದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ನಾನು ಚಾಮರಾಜನಗರದ ಕಡೆಯವನು. ಚಹಾ ಕಾರ್ಖಾನೆಯ ಲೆಕ್ಕ ಬರೆಯುವ ಕೆಲಸ ಹಿಡಿದು ನೀಲಗಿರಿಯ ಪೂರ್ವದ ಮಗ್ಗುಲಿನ ಈ ಊರಿಗೆ ಬಂದೆ. ಇಲ್ಲಿ ಶಾಲೆಯ ಭಾಷೆ, ಕಚೇರಿಯ ಭಾಷೆ, ಅಂಗಡಿ ಬೋರ್ಡಿನ ಭಾಷೆ ತಮಿಳು. ಬಡಗ ಜನರ ಹಳ್ಳಿಗಳಾದ ಹಟ್ಟಿಗಳ ಒಳಗೆ ಬಡಗ ಭಾಷೆ. ಕನ್ನಡ ಪುಸ್ತಕ ಬೇಕಾದರೆ ನಾನು ಮೈಸೂರಿಗೇ ಹೋಗಬೇಕು. ಕೋತಗಿರಿ, ಉದಕಮಂಡಲ, ಬಂಡೀಪುರ, ಗುಂಡ್ಲುಪೇಟೆ ದಾಟಿದ ದಾರಿ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರಕ್ಕೆ ತಡೆ ಇರುವುದರಿಂದ ಹೊರಡುವ ಹೊತ್ತನ್ನೂ ಲೆಕ್ಕ ಹಾಕಿಕೊಳ್ಳಬೇಕು. ಹೋದಾಗ ಚೀಲದಲ್ಲಿ ಐದಾರು ಪುಸ್ತಕ ತರುತ್ತೇನೆ. ಮುಂದಿನ ಸಲ ಹೋಗುವತನಕ ಅವೇ. ಹೀಗಾಗಿ ಒಂದೇ ಪುಸ್ತಕವನ್ನು ಎರಡು ಸಲ, ಮೂರು ಸಲ ಓದುವುದು ಅಭ್ಯಾಸವಾಗಿಬಿಟ್ಟಿತು. ವರ್ಷಕ್ಕೆ ಇಷ್ಟು ಪುಸ್ತಕ ಮುಗಿಸಿದೆ ಎಂದು ಎಣಿಸುವವರನ್ನು ಕಂಡರೆ ನನಗೆ ಈಗ ಆಸೆಯಾಗುವುದಿಲ್ಲ.

ನೆರೆಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಬಡಗದಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಬಂದ ಹೊಸತರಲ್ಲಿ ಒಂದು ಸಂಜೆ ಬೇಲಿಯ ಆಚೆಯಿಂದ ಅವರು ‘ಹಿಟ್ಟು ತಿಂದಿಯಾ?’ ಎಂದು ಕೇಳಿದರು. ನಾನು ಕೈಯಲ್ಲಿದ್ದ ಪುಸ್ತಕ ಮಡಚಿ ನಿಂತುಬಿಟ್ಟೆ. ನಮ್ಮ ಕಡೆಯ ಹಳ್ಳಿಗಳಲ್ಲಿ ರಾಗಿಮುದ್ದೆಗೆ ಹಿಟ್ಟೆಂದೇ ಹೆಸರು. ನನ್ನ ಅಜ್ಜಿ ಊಟಕ್ಕೆ ಕರೆಯುವಾಗ ‘ಹಿಟ್ಟುಣ್ಣು ಬಾ’ ಎನ್ನುತ್ತಿದ್ದರು. ಪಟ್ಟಣ ಸೇರಿದ ಮೇಲೆ ನಾನು ನಾಚಿಕೊಂಡು ಬಿಟ್ಟ ಮಾತು ಅದು. ಗಡಿ ದಾಟಿ, ಬೆಟ್ಟ ಹತ್ತಿ, ಬೇರೊಂದು ಭಾಷೆಯ ಬಾಯಿಂದ ಬಂದು ನನ್ನನ್ನು ಹಿಡಿಯಿತು. ಕಿಟೆಲರ 1894ರ ನಿಘಂಟು ನನ್ನ ಕಪಾಟಿನಲ್ಲಿದೆ. ಅಲ್ಲಿ ಹಿಟ್ಟೆಂದರೆ ಬೀಸಿದ ಪುಡಿ. ಆ ಅರ್ಥ ಸರಿಯೇ. ಆದರೆ ಹೆತ್ತೆಯ ಪ್ರಶ್ನೆಯಲ್ಲಿ ಹಸಿವಿನ ವಿಚಾರಣೆ ಇದೆ, ಹೊತ್ತು ಮುಳುಗಿತೆಂಬ ಸೂಚನೆ ಇದೆ, ಒಬ್ಬನೇ ಇರುವವನ ಮೇಲಿನ ಕಾಳಜಿ ಇದೆ. ಅಂದಿನಿಂದ ಕನ್ನಡದ ಯಾವ ಕತೆಯಲ್ಲಿ ಆ ಪದ ಬಂದರೂ ನನಗೆ ಪುಡಿ ಕಾಣುವುದಿಲ್ಲ, ಆ ಬೇಲಿ ಕಾಣುತ್ತದೆ.

ಇನ್ನೊಂದು ಅನುಭವ ಇದಕ್ಕಿಂತ ಭಾರವಾದದ್ದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಕಾಲೇಜಿನಲ್ಲಿ, ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ. ಮಳೆ ಬಂದ ಪುಟಗಳನ್ನೆಲ್ಲ ಬೇಗ ಬೇಗ ತಿರುವಿ ಕತೆ ಎಲ್ಲಿ ಮುಂದೆ ಸಾಗಿದೆ ಎಂದು ಹುಡುಕಿದ್ದೆ. ಎರಡನೆಯ ಸಲ ಓದಿದ್ದು ಇಲ್ಲಿ, 2009ರ ನವೆಂಬರಿನಲ್ಲಿ. ನೀಲಗಿರಿಯ ಈ ಮಗ್ಗುಲಿಗೆ ದೊಡ್ಡ ಮಳೆ ತರುವುದು ಹಿಂಗಾರು. ಆ ವರ್ಷ ಅದು ಬೆಟ್ಟವನ್ನೇ ಕುಸಿಸಿತು. ಜಿಲ್ಲೆಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಮಣ್ಣಿನಡಿ ಸಿಕ್ಕಿ ಸತ್ತರು. ರಸ್ತೆ ಕಡಿದು, ಕರೆಂಟಿಲ್ಲದೆ, ಕಾರ್ಖಾನೆ ನಿಂತು ಕೂತ ಆ ದಿನಗಳಲ್ಲಿ ಮೊಂಬತ್ತಿಯ ಬೆಳಕಿನಲ್ಲಿ ಅದೇ ಪುಟಗಳನ್ನು ತೆರೆದೆ. ಮಳೆ ಅಲ್ಲಿ ಕತೆಯ ಹಿಂದೆ ಬಿಟ್ಟ ಪರದೆಯಲ್ಲ, ಯಾರು ಯಾವ ಮನೆಗೆ ತಲುಪುತ್ತಾರೆ, ಯಾರು ತಲುಪುವುದಿಲ್ಲ ಎಂದು ತೀರ್ಮಾನಿಸುವ ಶಕ್ತಿ ಎಂಬುದು ಆಗ ತಿಳಿಯಿತು. ಪುಸ್ತಕ ಬದಲಾಗಿರಲಿಲ್ಲ. ಓದುವವನ ಕೈಯಲ್ಲಿ ಹೊಸದಾಗಿ ಏನೋ ಇತ್ತು.

ಹಾಗಾದರೆ ಕಾಣದ್ದನ್ನು ಓದಬಾರದೆ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಕಡಲನ್ನು ಕಾಣದವನು ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿ ಮರುಗುವುದಿಲ್ಲವೇ? ಮರುಗುತ್ತಾನೆ, ನಾನೂ ಮರುಗಿದ್ದೇನೆ, ಕಡಲು ನೋಡುವುದಕ್ಕಿಂತ ಎಷ್ಟೋ ವರ್ಷ ಮೊದಲು. ಪುಸ್ತಕದಲ್ಲಿರುವುದನ್ನೆಲ್ಲ ಮೊದಲು ಬಾಳಿಬಿಡಬೇಕೆಂಬುದು ನನ್ನ ವಾದವಲ್ಲ. ಬಾಳಿನ ಯಾವುದಾದರೂ ಒಂದು ವಸ್ತುವನ್ನು, ಅದು ಅವರೆ ಬಳ್ಳಿಯೇ ಆಗಲಿ, ಮನಸ್ಸಿಟ್ಟು ನೋಡಿ ಗೊತ್ತಿರಬೇಕು. ಎಲೆಯ ಹಿಂದೆ ಹೇನು ಹತ್ತಿದ್ದನ್ನು ಬೆರಳಿಂದ ಸವರಿ ತೆಗೆದವನಿಗೆ, ಮಂಜು ಬಿದ್ದ ಬೆಳಿಗ್ಗೆ ಹೂ ಕಪ್ಪಾದದ್ದನ್ನು ಕಂಡು ಸುಮ್ಮನೆ ನಿಂತವನಿಗೆ, ಕಾರಂತರ ಪಾತ್ರಗಳು ಉಪ್ಪುಗಾಳಿಯ ಮಣ್ಣಿನೊಡನೆ ಏನು ಮಾಡುತ್ತಿವೆ ಎಂದು ಬಿಡಿಸಿ ಹೇಳಬೇಕಿಲ್ಲ.

ಪೂರ್ಣಚಂದ್ರ ತೇಜಸ್ವಿಯವರಿಗಿಂತ ಒಳ್ಳೆಯ ಸಾಕ್ಷಿ ನಮ್ಮ ಭಾಷೆಯಲ್ಲಿ ನನಗೆ ಸಿಗುವುದಿಲ್ಲ. ಮೂಡಿಗೆರೆಯ ಕಾಫಿ ತೋಟದಲ್ಲಿ ಇದ್ದುಕೊಂಡು ಅವರು ಮೀನು ಹಿಡಿದರು, ಹಕ್ಕಿಗಳ ಫೋಟೊ ತೆಗೆದರು, ಚಿತ್ರ ಬರೆದರು, ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲಬೇಕೆಂದು ಹೆಣಗಿದರು, ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದರು. ಇಷ್ಟೆಲ್ಲ ಮಾಡುವವರಿಗೆ ಬರೆಯಲು, ಓದಲು ಹೊತ್ತೆಲ್ಲಿತ್ತು ಎಂಬ ಪ್ರಶ್ನೆಯೇ ತಲೆಕೆಳಗು. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯ ಜೊತೆಗೆ ಜೇನು ಹುಡುಕುವ ಮಂದಣ್ಣ ಸಮಸಮನಾಗಿ ನಡೆಯುತ್ತಾನೆ. ಓದಿದವನ ತಿಳಿವು ಮತ್ತು ಕಾಡು ಸುತ್ತಿದವನ ತಿಳಿವು ಒಂದರ ಪಕ್ಕ ಒಂದು ಕೂರುವ ಆ ಕಾದಂಬರಿ, ತೋಟದ ಕೆಲಸವನ್ನು ಓದಿಗೆ ಅಡ್ಡಿ ಎಂದುಕೊಂಡವರ ಕೈಯಿಂದ ಬರುವಂಥದ್ದಲ್ಲ.

ಬಿಡುವಿದ್ದವರಿಗೆ ಮಾತ್ರ ಪುಸ್ತಕ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕ ಕೂಡಿಸಿಟ್ಟ ಅಂಕೇಗೌಡರು ಬಸ್ ಕಂಡಕ್ಟರಾಗಿ, ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಮೈಸೂರಿನಲ್ಲಿ ನೆರೆಹೊರೆಯವರಿಗಾಗಿ ಗ್ರಂಥಾಲಯ ನಡೆಸಿದ ಸೈಯದ್ ಇಸಾಕ್ ಅವರು ಕೂಲಿ ಮಾಡಿ ಬದುಕುವವರು, ಸ್ವತಃ ಶಾಲೆ ಕಲಿತವರಲ್ಲ. 2021ರ ಏಪ್ರಿಲಿನಲ್ಲಿ ಅವರ ಸಾವಿರಾರು ಪುಸ್ತಕ ಸುಟ್ಟುಹೋದಾಗ ನಾಡಿಗೆ ನಾಡೇ ನೊಂದಿತು.

ಇಷ್ಟು ಹೇಳಿದ ಮೇಲೆ, ಬದುಕೇ ಸಾಕು, ಪುಸ್ತಕವೇಕೆ ಎಂದು ಹೇಳುವವರ ಕಡೆಗೂ ತಿರುಗಬೇಕು. ಅವರಿಗೆ ಉತ್ತರ ನನ್ನ ಬೇಲಿಯ ಆಚೆಯೇ ಇದೆ.

ಬಡಗ ಕನ್ನಡದ ಒಂದು ಬಗೆಯೋ ಬೇರೆಯೇ ಭಾಷೆಯೋ ಎಂಬ ಚರ್ಚೆ ಹಳೆಯದು. ಜನಗಣತಿ ಅದನ್ನು ಕನ್ನಡದ ಗುಂಪಿನಲ್ಲಿ ಎಣಿಸುತ್ತದೆ. 2011ರಲ್ಲಿ ಸುಮಾರು 1.33 ಲಕ್ಷ ಜನ ಬಡಗವನ್ನು ತಾಯ್ನುಡಿ ಎಂದು ಬರೆಸಿದರು. ಆಡುವವರು ಅದು ತಮ್ಮದೇ ಭಾಷೆ ಎನ್ನುತ್ತಾರೆ, ನನಗೆ ಅವರ ಮಾತೇ ಪ್ರಮಾಣ. ಆದರೆ ಅದಕ್ಕೆ ಪುಸ್ತಕದ ಕಪಾಟು ಬಹಳ ಸಣ್ಣದು. ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲಿ ನೀಲಗಿರಿಯ ಕೇತಿಗೆ ಬಂದು ಬಡಗರ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿದರು. 1890ರಲ್ಲಿ ಲೂಕನ ಸುವಾರ್ತೆ ಬಡಗದಲ್ಲಿ, ಕನ್ನಡ ಲಿಪಿಯಲ್ಲಿ, ಮಂಗಳೂರಿನಲ್ಲಿ ಅಚ್ಚಾಯಿತು. ಆಮೇಲೆ ಶಾಲೆ ತಮಿಳಾಯಿತು. 1939ರಲ್ಲಿ ಎಮಿನೊ ಎಂಬ ಭಾಷಾವಿಜ್ಞಾನಿ, ಬಡಗದಲ್ಲಿ ನಾಲಗೆಯನ್ನು ಮಡಚಿ ನುಡಿಯುವ ಸ್ವರಗಳಿವೆ ಎಂದು ಲೋಕಕ್ಕೆ ತೋರಿಸಿದರು. ಅವನ್ನು ನಮ್ಮ ಕನ್ನಡ ಅಕ್ಷರಗಳೂ ಹಿಡಿಯಲಾರವು. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ ರೈಚೂರ್ ಅವರ ದೊಡ್ಡ ಬಡಗ ನಿಘಂಟು 1992ರಲ್ಲಿ ಬಂತು, ಅರ್ಥಗಳೆಲ್ಲ ಇಂಗ್ಲಿಷಿನಲ್ಲಿ. ಹೆತ್ತೆಯ ಮೊಮ್ಮಗಳು ಒಳ್ಳೆಯ ಓದುಗಾರ್ತಿ. ತಮಿಳು ಕಾದಂಬರಿ ಓದುತ್ತಾಳೆ, ಇಂಗ್ಲಿಷ್ ಓದುತ್ತಾಳೆ. ಅಜ್ಜಿ ಆಡುವ ಮಾತಿನಲ್ಲಿ ಅವಳು ಓದಿದ ಪುಸ್ತಕ ಒಂದೂ ಇಲ್ಲ.

ಬಡಗರಲ್ಲಿ ಸಾವಿನ ಹೊತ್ತಿಗೆ ಹಿರಿಯರೊಬ್ಬರು ಸತ್ತವರ ಪಾಪಗಳನ್ನು ಸಾಲಾಗಿ ಹೇಳಿ, ಅವೆಲ್ಲ ಕಳೆಯಲಿ ಎಂದು ಪ್ರಾರ್ಥಿಸುವ ಪದ್ಧತಿ ಇದೆ. ಉದ್ದದ ಆ ನುಡಿ ಬಾಯಿಂದ ಬಾಯಿಗೆ ಉಳಿದು ಬಂದದ್ದು. ಹೇಳಬಲ್ಲವರು ಒಬ್ಬೊಬ್ಬರಾಗಿ ಹೋದಂತೆ ಅದರ ಸಾಲುಗಳೂ ಹೋಗುತ್ತವೆ. ನೆನಪೇ ಸಾಕೆನ್ನುವವರು ಈ ನಷ್ಟವನ್ನು ಹತ್ತಿರದಿಂದ ನೋಡಿದವರಲ್ಲ. ಬದುಕು ಓದಿಗೆ ಅರ್ಥ ಕೊಡುತ್ತದೆ ನಿಜ. ಆ ಬದುಕನ್ನು ನಾಳೆಯವರಿಗೆ ಮುಟ್ಟಿಸಲು ಬರಹವೇ ಬೇಕು. ಪುಸ್ತಕಪ್ರೇಮಿಗೆ ಇಂಥ ಊರಿನಲ್ಲಿ ಓದುವುದರ ಜೊತೆಗೆ ಬರೆದುಕೊಳ್ಳುವ ಋಣವೂ ಇದೆ ಎಂದು ನಾನು ತಿಳಿದಿದ್ದೇನೆ.

ಅದಕ್ಕೇ ಕಪಾಟಿನಲ್ಲಿ ಒಂದು ರೂಲ್ಡ್ ನೋಟ್‌ಬುಕ್ ಇಟ್ಟಿದ್ದೇನೆ. ಹೆತ್ತೆಯ ಅಪ್ಪಣೆ ಪಡೆದು ಅವರ ಮಾತುಗಳನ್ನು ಬರೆಯುತ್ತೇನೆ. ಕನ್ನಡ ಅಕ್ಷರ ಸೋತಲ್ಲಿ ಸ್ವರದ ಕೆಳಗೆ ಚುಕ್ಕೆ ಇಟ್ಟು ಗುರುತು ಮಾಡುತ್ತೇನೆ. ಉದಕ, ತುಪ್ಪದಿಟ್ಟು ಎಂಬ ಅಡುಗೆಯ ಮಾತುಗಳೂ ಸೇರಿವೆ. ಚಾಮರಾಜನಗರ, ಗುಂಡ್ಲುಪೇಟೆ, ಗೂಡಲೂರಿನ ಕಡೆಯ ಓದುಗರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಇವತ್ತೇ ಕೂತುಕೊಳ್ಳಿ.

ಕಳೆದ ವಾರ ಬರೆದ ಪದ ಹಾಗೊಟ್ಟು. ಹಳೆಯ ಬಡಗ ಮನೆಗಳಲ್ಲಿ ಹಾಲು, ಮಜ್ಜಿಗೆ, ತುಪ್ಪ ಇಡುತ್ತಿದ್ದ ಒಳಕೋಣೆ ಅದು. ಹೆಂಗಸರು ಒಳಗೆ ಹೋಗುವಂತಿರಲಿಲ್ಲ, ಬಾಗಿಲ ಹೊರಗೆ ನಿಂತು ಹಾಲು ಈಸಿಕೊಳ್ಳುತ್ತಿದ್ದೆವು ಎಂದು ಹೆತ್ತೆ ನೆನೆದರು. ಅವರ ಮನೆಯನ್ನು ಮಗ ಎರಡು ವರ್ಷದ ಕೆಳಗೆ ಕೆಡವಿ ಸಿಮೆಂಟಿನಲ್ಲಿ ಕಟ್ಟಿಸಿದ. ಹೊಸ ಮನೆಯಲ್ಲಿ ಹಾಗೊಟ್ಟು ಇಲ್ಲ.